11ನೇ ತಿರುವು

ಮಳೆಗಾಲ ಹಿಡಿಯಿತೆಂದರೆ ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿ ಬಚ್ಚಲ ಒಲೆಯ ಪಕ್ಕಕ್ಕೆ ಬಂದು ಕೂರುತ್ತದೆ. ನಿನ್ನೆ ರಾತ್ರಿ ಒಲೆಯ ಸುತ್ತ ಕೂತು ಹಲಸಿನ ಬೀಜ ಸುಡುತ್ತಿದ್ದಾಗ ಅಕ್ಕನ ಮೊಮ್ಮಗ ಅದನ್ನು ತಲೆಕೆಳಗು ಹಿಡಿದು, ‘ಬೀಳೋದೇ ಇಲ್ಲ ನೋಡಿ’ ಅಂದ. ಮೂಲೆಯಲ್ಲಿ ಕಾಲು ಕಾಯಿಸುತ್ತಿದ್ದ ಭಾವ ನನ್ನ ಕಡೆ ತಿರುಗಿ, ‘ಹೇಳು ಮಾರಾಯ, ಆ ಘಾಟಿ ಕಥೆ’ ಅಂದರು. ಇಷ್ಟು ವರ್ಷ ಕಂಡಕಂಡವರಿಗೆಲ್ಲ ಅವರೇ ಹೇಳಿದ್ದು. ನಿನ್ನೆ ನನ್ನ ಸರದಿ.

1989ರ ಜುಲೈ. ನನ್ನದು ಯೆಜ್ಡಿ, ನಮ್ಮ ಮೈಸೂರಲ್ಲೇ ತಯಾರಾಗುತ್ತಿದ್ದ ಗಾಡಿ. ಒದ್ದು ಸ್ಟಾರ್ಟ್ ಮಾಡಿದ ಕಿಕ್ಕರನ್ನೇ ಮುಂದಕ್ಕೆ ಬಗ್ಗಿಸಿದರೆ ಅದೇ ಗೇರ್. ಹೆಬ್ರಿಯ ನೆಂಟರ ಮನೆಗೆ ತಿಥಿ ಊಟಕ್ಕೆ ಹೋಗಿದ್ದೆವು. ಎಕ್ಸಲೇಟರ್ ಎರಡು ದಿನದಿಂದ ಕರಕರ ಅನ್ನುತ್ತಿತ್ತು. ಮಳೆನೀರು ಕೇಬಲ್ಲಿನೊಳಗೆ ಇಳಿದಿರಬೇಕು. ನಾನು ಅಡುಗೆಮನೆಯಿಂದ ಒಂದು ಸೌಟು ಎಣ್ಣೆ ಕೇಳಿ ತಂದು, ಹ್ಯಾಂಡಲ್ ಕಡೆಯ ತುದಿಯಿಂದ ಹನಿಹನಿಯಾಗಿ ಬಿಟ್ಟೆ. ಬೆಣ್ಣೆಯ ಹಾಗೆ ತಿರುಗಿತು. ಭಾವನಿಗೂ ಒಮ್ಮೆ ತಿರುಗಿಸಿ ತೋರಿಸಿದೆ, ಬೇಡದ ಜಂಭ.

ಊಟ ಮುಗಿಸಿ ಹೊರಟು ಸೋಮೇಶ್ವರ ದಾಟಿದೆವು. ಆಗುಂಬೆ ಘಾಟಿಗೆ 14 ತಿರುವು. ಅರ್ಧ ಹತ್ತುವಷ್ಟರಲ್ಲಿ ಕೆಳಗಿನ ಸೆಕೆ ಹೋಗಿ ಮಂಜು ಕವಿಯಿತು, ಮಳೆಯ ಏಟಿಗೆ ಬೆರಳು ಮರಗಟ್ಟಿತು. ಎಕ್ಸಲೇಟರ್ ಬಿಗಿಯಾಯಿತು ಅನ್ನಿಸಿದಾಗ ನನ್ನ ಕೈಯೇ ಸೆಟೆದಿದೆ ಅಂದುಕೊಂಡೆ. ಕೆಳಗಿನಿಂದ ಎಣಿಸಿದರೆ 11ನೇ ತಿರುವು. ರೇಸ್ ಬಿಟ್ಟೆ. ಗಾಡಿ ಬಿಡಲಿಲ್ಲ. ಹ್ಯಾಂಡಲ್ ತಿರುಗಿಸಿದ ಜಾಗದಲ್ಲೇ ನಿಂತಿತ್ತು, ಎದುರಿಗೆ ಮೋಟುಗೋಡೆ, ಅದರಾಚೆ ಬರೀ ಬಿಳಿ. ಕ್ಲಚ್ ಒತ್ತಿದೆ. ಎಳೆಯುವ ಕೆಲಸ ತಪ್ಪಿದ ಇಂಜಿನ್ ಕಿರುಚತೊಡಗಿತು. ಕೀ ಆಫ್ ಮಾಡಿ ಬ್ರೇಕ್ ತುಳಿದಾಗ ಮುಂದಿನ ಚಕ್ರ ಗೋಡೆಯ ಹಾವಸೆಗೆ ಒರೆಸಿಕೊಂಡು ನಿಂತಿತು. ಭಾವನ ಎರಡೂ ಕೈ ನನ್ನ ಹೊಟ್ಟೆಯ ಮೇಲಿತ್ತು. ಬಿಡಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಇಳಿದು ಬರುತ್ತಿದ್ದ ಮೆಟಡೋರ್ ಒಂದು ನಿಂತಿತು. ಡ್ರೈವರ್ ಲುಂಗಿ ಎತ್ತಿ ಕಟ್ಟಿಕೊಂಡು ಬಂದು, ಏನೂ ಕೇಳದೆ ಕಾರ್ಬುರೇಟರ್ ಮುಚ್ಚಳ ಬಿಚ್ಚಿದ. ಒಳಗಿನ ಸ್ಲೈಡ್ ಬೆರಳಲ್ಲಿ ಆಡಿಸಿದ, ಸಲೀಸಾಗಿ ಓಡಿತು. ಕೇಬಲ್ಲಿನಿಂದ ಕಳಚಿದ ಹ್ಯಾಂಡಲ್ ತಿರುಗಿಸಿದ, ಅದೂ ಸಲೀಸು. ಉಳಿದದ್ದು ಕೇಬಲ್. ತಂತಿ ಎಳೆದರೆ ಬರುತ್ತಿತ್ತು, ಬಿಟ್ಟರೆ ಹಿಂದಕ್ಕೆ ಹೋಗುತ್ತಿರಲಿಲ್ಲ. ಅದನ್ನು ಒಳಕ್ಕೆ ಎಳೆದುಕೊಳ್ಳಬೇಕಾದ್ದು ಕಾರ್ಬುರೇಟರಿನ ಸ್ಪ್ರಿಂಗ್ ಒಂದೇ, ಪಾಪ ಅದಕ್ಕೆಷ್ಟು ಬಲ? ತುದಿಯನ್ನು ಮೂಸಿದ. ‘ಎಂತ ಎಣ್ಣೆ ಬಿಟ್ಟದ್ದು ಮಾರಾಯ್ರೇ? ಒಗ್ಗರಣೆ ವಾಸನೆ ಬರ್ತದಲ್ಲ!’

ನಾನು ಮಾತಾಡಲಿಲ್ಲ. ಭಾವ ಹೇಳಿಬಿಟ್ಟರು.

ಅವನು ನಗಲಿಲ್ಲ, ಅದೇ ದೊಡ್ಡ ಉಪಕಾರ. ಕೇಬಲ್ಲನ್ನು ಸುರುಳಿ ಮಾಡಿ ಬಿಸಿ ಇಂಜಿನ್ನಿನ ಮೇಲಿಟ್ಟ. ತುಸು ಹೊತ್ತಿಗೆ ಕೆಳತುದಿಯಿಂದ ತುಪ್ಪದಂಥದ್ದು ತೊಟ್ಟಿಕ್ಕಿತು. ಆಮೇಲೆ ಕೇಬಲ್ಲನ್ನು ಗಾಡಿಯಿಂದ ದೂರ ಒಯ್ದು ಪೆಟ್ರೋಲ್ ಬಿಟ್ಟು ತೊಳೆದ. ನಾನಾಗಿದ್ದರೆ ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಸುರಿದು ಇನ್ನೊಂದು ಕಥೆ ಮಾಡಿರುತ್ತಿದ್ದೆ. ಬ್ರೆಡ್ಡಿನ ಪ್ಲಾಸ್ಟಿಕ್ ಕವರನ್ನು ಮೇಲ್ತುದಿಗೆ ಆಲಿಕೆಯ ಹಾಗೆ ಸುತ್ತಿ ದಾರ ಕಟ್ಟಿ, ನಾನು ಪೆಟ್ರೋಲಿಗೆ ಬೆರೆಸಲೆಂದು ಇಟ್ಟುಕೊಂಡಿದ್ದ ಟೂ-ಸ್ಟ್ರೋಕ್ ಆಯಿಲನ್ನು ಅದಕ್ಕೆ ಸುರಿದ. ಕೆಳಗೆ ಎಣ್ಣೆ ಕಾಣುವವರೆಗೆ ಕೇಬಲ್ಲನ್ನು ನೇರ ಎತ್ತಿ ಹಿಡಿಯುವ ಕೆಲಸ ನನ್ನದು. ಅಷ್ಟರಲ್ಲಿ ಭಾವನ ಕಾಲಿಗೆ ನಾಲ್ಕು ಉಂಬಳ.

ಜೋಡಿಸುವಾಗ ಸ್ಪ್ರಿಂಗ್ ನನ್ನ ಕೈಯಿಂದ ಹಾರಿ ತರಗೆಲೆಯಲ್ಲಿ ಬಿತ್ತು, ಹುಡುಕಿದ್ದಾಯಿತು. ಸ್ಲೈಡಿನ ಗೀರು ಒಳಗಿನ ಪಿನ್ನಿಗೆ ಸರಿಯಾಗಿ ಕೂತ ಮೇಲೆ, ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ಎಕ್ಸಲೇಟರ್ ಬಿಟ್ಟ. ಎರಡೂ ಕಡೆ ಟಕ್ ಅಂತ ಹಿಂದಕ್ಕೆ ಬಂತು. ಕೇಬಲ್ಲಿಗೆ ಕೂದಲೆಳೆ ಸಡಿಲ ಬಿಟ್ಟ. ದುಡ್ಡು ಕೊಡಲು ಹೋದರೆ, ‘ಎಣ್ಣೆ ಅಡುಗೆಗೆ ಇರ್ಲಿ’ ಅಂದು ಮೆಟಡೋರ್ ಹತ್ತಿದ.

ಉಳಿದ ಮೂರು ತಿರುವು ಭಾವ ನಡೆದೇ ಬಂದರು. ನಾನು ಮೊದಲೇ ಹೋಗಿ ಆಗುಂಬೆಯ ಹೋಟೆಲಿನಲ್ಲಿ ಎರಡು ಕಾಫಿ ಹೇಳಿ ಕೂತೆ. ಅವರು ಬರುವಷ್ಟರಲ್ಲಿ ಅವರ ಲೋಟದ ಮೇಲೆ ಕೆನೆ ಕಟ್ಟಿತ್ತು.