ನಾನು ಕಟ್ಟಿದ ದೀಪ

ಕಲಾವಿಭಾಗದ ವಿದ್ಯಾರ್ಥಿ ವಾರ್ಷಿಕ ಸಂಚಿಕೆಗೆ ಬರೆಯಹೊರಟರೆ ಬೆಳದಿಂಗಳನ್ನು ಕುರಿತೋ ಹಾಸ್ಟೆಲಿನ ಸಾರನ್ನು ಕುರಿತೋ ಬರೆಯಬೇಕೆಂಬುದು ಸಂಪ್ರದಾಯ. ಅದನ್ನು ಮುರಿಯುವ ಹಂಬಲ ನನಗೇನೂ ಇಲ್ಲ. ಆದರೆ ಎರಡು ವರ್ಷಗಳಿಂದ ಒಂದು ದೀಪ ನನ್ನ ತಲೆಯೊಳಗೆ ಉರಿಯುತ್ತಲೇ ಇದೆ. ಅದನ್ನು ಹೇಳಿಬಿಡುವುದೇ ಲೇಸೆಂದು ಕುಳಿತಿದ್ದೇನೆ. ವಿಜ್ಞಾನ ವಿಭಾಗದ ಮಿತ್ರರು ನನ್ನ ತಪ್ಪುಗಳನ್ನು ಮನ್ನಿಸಬೇಕು. ಇತಿಹಾಸದ ಗುರುಗಳು ಮಾತ್ರ ಕೊನೆಯವರೆಗೂ ಓದಬೇಕು. ಅವರ ಸೆಮಿನಾರಿನ ಸಂಗತಿಯೂ ಇದರಲ್ಲಿದೆ.

ನಮ್ಮ ಮನೆ ಕಾರವಾರದ ಬೈತಖೋಲಿನಲ್ಲಿ. ಚಿಕ್ಕಪ್ಪನವರದೊಂದು ಟ್ರಾಲ್ ಬೋಟು. ಅದಕ್ಕೆ ಅವರೇ ಮಾಲಿಕರು, ಅವರೇ ತಾಂಡೇಲರು. ಬೋಟಿನ ಕಂಬದ ತುದಿಯಲ್ಲಿದ್ದ ಹಳೆಯ ಬಲ್ಬು ಬ್ಯಾಟರಿಯನ್ನು ತಿಂದುಹಾಕುತ್ತದೆಂದು ಅವರು ಗೊಣಗುತ್ತಿದ್ದರು. ನನಗೆ ಮೊದಲ ಸಲ ವಿದ್ಯಾರ್ಥಿವೇತನ ಬಂದಾಗ ಪೇಟೆಗೆ ಹೋಗಿ ಒಂದು ಎಲ್‌ಇಡಿ ದೀಪ ತಂದೆ. ಅಗ್ಗದ್ದು, ಆದರೆ ಹಾಲಿನಂಥ ಬೆಳಕು. ನಾನೇ ಕಂಬ ಹತ್ತಿ ವಾಯರ್ಲೆಸ್ಸಿನ ಏರಿಯಲ್ಲಿನಿಂದ ಒಂದು ಮೊಳ ಕೆಳಗೆ ಅದನ್ನು ಬಿಗಿದು ಕಟ್ಟಿದೆ. ಕೆಳಗೆ ನಿಂತ ಖಲಾಸಿಗಳು ಚಪ್ಪಾಳೆ ತಟ್ಟಿದರು. ಕಾಲೇಜಿಗೆ ಹೋದದ್ದು ಸಾರ್ಥಕವಾಯಿತೆಂದು ಚಿಕ್ಕಪ್ಪ ಹೇಳಿದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅಂದು ಸಂಜೆ ದೀಪ ಹೊತ್ತಿಸಿದೊಡನೆ ಕ್ಯಾಬಿನ್ನಿನ ವಾಯರ್ಲೆಸ್ಸು ಕಾದ ಎಣ್ಣೆಗೆ ನೀರು ಬಿದ್ದಂತೆ ಸೊರ್ರೆಂದಿತು. ಅದು ನನಗೆ ಕೇಳಿಸಿತು. ಚಿಕ್ಕಪ್ಪನವರಿಗೂ ಕೇಳಿಸಿತು. ಅವರು ನನ್ನ ಮುಖ ನೋಡಿದರು. "ದಂಡೆಯ ಹತ್ತಿರ ಹಾಗೆಯೇ, ಸಮುದ್ರಕ್ಕೆ ಹೋದರೆ ಸರಿಹೋಗ್ತದೆ" ಎಂದೆ. ಯಾವ ಆಧಾರದಿಂದ ಹಾಗೆಂದೆನೋ ಇಂದಿಗೂ ತಿಳಿಯದು. ಓದಿದವನು ಹೇಳಿದನೆಂದು ಅವರು ನಂಬಿದರು. ಆ ಸದ್ದನ್ನು ಅಡಗಿಸಲು ಪೆಟ್ಟಿಗೆಯ ಮೇಲೆ ಸ್ಕ್ವೆಲ್ಚ್ ಎಂಬ ತಿರುಗಣೆಯೊಂದು ಇರುತ್ತದೆ. ಅದನ್ನು ಸದ್ದು ನಿಲ್ಲುವವರೆಗೆ ತಿರುಗಿಸಿದರು. ಕ್ಯಾಬಿನ್ನು ತಣ್ಣಗಾಯಿತು.

ಮೂರನೆಯ ರಾತ್ರಿ ಗಾಳಿ ಎದ್ದಿತು. ಜೊತೆಯ ಬೋಟುಗಳೆಲ್ಲ ಒಂದನ್ನೊಂದು ಕರೆದುಕೊಂಡು ಬೆಲೆಕೇರಿಯತ್ತ ತಿರುಗಿದವು. ಚಿಕ್ಕಪ್ಪನವರ ಬೋಟು ಬರಲಿಲ್ಲ. ಬೆಳಗಾದರೂ ಬರಲಿಲ್ಲ. ಚಿಕ್ಕಮ್ಮ ಬಂದರಿನ ಕಟ್ಟೆಯ ಮೇಲೆ ಕುಳಿತವಳು ಯಾರು ಕರೆದರೂ ಏಳಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ದೇವಗಡದ ದೀಪಸ್ತಂಭದ ಕಡೆಯಿಂದ ಬೋಟು ಕಾಣಿಸಿತು. ಬಲೆ ಹೋಗಿತ್ತು. ಒಬ್ಬ ಖಲಾಸಿಯ ಮುಂಗೈ ಮುರಿದಿತ್ತು. ಆತ ನನಗಿಂತ ಒಂದು ವರ್ಷ ಚಿಕ್ಕವನು.

ನೆರೆಮನೆಯ ತಾಂಡೇಲರು "ನಾಲ್ಕು ಸಲ ಕರೆದೆ" ಎಂದರು. ಚಿಕ್ಕಪ್ಪ "ಒಂದು ಸಲವೂ ಕರೆದಿಲ್ಲ" ಎಂದರು. ಇಬ್ಬರೂ ಸುಳ್ಳಾಡುವವರಲ್ಲ, ಆದ್ದರಿಂದಲೇ ಇಬ್ಬರಿಗೂ ಸಿಟ್ಟು ಇಳಿಯಲಿಲ್ಲ. ವಾಯರ್ಲೆಸ್ಸನ್ನು ಮರುದಿನ ಮಧ್ಯಾಹ್ನ ಮೆಕ್ಯಾನಿಕನಿಗೆ ತೋರಿಸಿದ್ದಾಯಿತು. ಗಂಟೆಯಂತೆ ಮಾತಾಡಿತು! ಪೆಟ್ಟಿಗೆ ಸರಿಯಿದೆಯೆಂದ ಮೇಲೆ ಮನುಷ್ಯರೇ ಸರಿಯಿಲ್ಲವೆಂದಾಯಿತು. ಐದು ತಿಂಗಳು ಆ ಎರಡು ಮನೆಗಳ ನಡುವೆ ಮಾತಿರಲಿಲ್ಲ. ನಾನು ಸುಮ್ಮನಿದ್ದೆ. ಸೊರ್ರೆಂಬ ಆ ಸದ್ದು ನನಗೆ ಮರೆತಿತ್ತೆಂದು ಹೇಳಿದರೆ ಅದು ಎರಡನೆಯ ಸುಳ್ಳಾದೀತು.

ಏಪ್ರಿಲ್ ತಿಂಗಳಲ್ಲಿ ದೊಡ್ಡಪ್ಪನ ಮಗ ರಜೆಯ ಮೇಲೆ ಬಂದ. ಆತ ನೌಕಾಪಡೆಯಲ್ಲಿ ವಿದ್ಯುತ್ ವಿಭಾಗದ ನಾವಿಕ. ನಿನ್ನ ಕೆಲಸವೇನೆಂದು ಕೇಳಿದರೆ "ಬೋಲ್ಟಿನ ಕೆಳಗಿನ ಬಣ್ಣ ಕೆರೆಯುವುದು" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ಜಗಳದ ಕತೆ ಕೇಳಿದ ಮೇಲೆ ಆತ ಕೇಳಿದ್ದು ಒಂದೇ ಪ್ರಶ್ನೆ: "ಕಂಬದ ಮೇಲೆ ಹೊಸದಾಗಿ ಏನನ್ನಾದರೂ ಕಟ್ಟಿದ್ದೀರಾ?"

ಎಲ್ಲರೂ ನನ್ನತ್ತ ತಿರುಗಿದರು.

ಅಣ್ಣ ಮಾಡಿದ ಪರೀಕ್ಷೆಗೆ ಯಾವ ಉಪಕರಣವೂ ಬೇಕಾಗಲಿಲ್ಲ. ದೀಪ ಆರಿಸಿದ. ವಾಯರ್ಲೆಸ್ಸನ್ನು ಯಾರೂ ಮಾತಾಡದ ಚಾನೆಲಿಗೆ ಇಟ್ಟ. ತಿರುಗಣೆಯನ್ನು ಸದ್ದು ಬರುವವರೆಗೆ ಇಳಿಸಿ, ಮತ್ತೆ ಸದ್ದು ಆಗತಾನೆ ನಿಲ್ಲುವಷ್ಟೇ ಏರಿಸಿದ. ಆಮೇಲೆ ದೀಪ ಹೊತ್ತಿಸಿದ. ಪೆಟ್ಟಿಗೆ ಸೊರ್ರೆಂದಿತು. ಆರಿಸಿದ, ನಿಂತಿತು. ಹೊತ್ತಿಸಿದ, ಸೊರ್ರೆಂದಿತು. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ನಾವಿಕರಿಗೆಲ್ಲ ಎಚ್ಚರಿಕೆಯೊಂದನ್ನು ಹೊರಡಿಸಿ ಇದೇ ಪರೀಕ್ಷೆಯನ್ನು ಹೇಳಿಕೊಟ್ಟಿದೆಯೆಂದು ನನಗೆ ಆಮೇಲೆ ತಿಳಿಯಿತು. ಅಂದರೆ ನನ್ನಂಥ ಬುದ್ಧಿವಂತರು ಆ ದೇಶದಲ್ಲಿಯೂ ಇದ್ದಾರೆ.

ಕಾರಣವೇನೆಂದರೆ, ಎಲ್‌ಇಡಿ ದೀಪದೊಳಗೆ ವಿದ್ಯುತ್ತನ್ನು ಹದಗೊಳಿಸುವ ಪುಟ್ಟದೊಂದು ಯಂತ್ರವಿರುತ್ತದೆ. ಅದು ಸೆಕೆಂಡಿಗೆ ಲಕ್ಷಾಂತರ ಸಲ ಪ್ರವಾಹವನ್ನು ಕಡಿದು ಕೂಡಿಸುತ್ತದೆ. ಒಳ್ಳೆಯ ದೀಪದಲ್ಲಿ ಈ ಗದ್ದಲ ಹೊರಬೀಳದಂತೆ ತಡೆಗಳಿರುತ್ತವೆ. ಅಗ್ಗದ ದೀಪದಲ್ಲಿ ಮೊದಲು ಬಿಟ್ಟುಬಿಡುವುದೇ ಅವನ್ನು. ತಡೆಯಿಲ್ಲದಿದ್ದರೆ ದೀಪದ ತಂತಿಯೇ ಏರಿಯಲ್ಲಿನಂತಾಗಿ ಆ ಗದ್ದಲವನ್ನು ಸುತ್ತಲೂ ಚೆಲ್ಲುತ್ತದೆ. ಬೋಟಿನ ವಾಯರ್ಲೆಸ್ಸಿನ ಆಪತ್ಕಾಲದ ಚಾನೆಲ್ 16, ಅದು 156.8 ಮೆಗಾಹರ್ಟ್ಸ್. ಮಾತಾಡುವಾಗ ಪೆಟ್ಟಿಗೆ 25 ವ್ಯಾಟ್ ಶಕ್ತಿಯಿಂದ ಕೂಗುತ್ತದೆ. ಕೇಳುವಾಗಲಾದರೋ ಅದು ಹಿಡಿಯಬೇಕಾದುದು ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಸಣ್ಣ ಪಿಸುಮಾತು. ಆದ್ದರಿಂದ ಚಿಕ್ಕಪ್ಪನ ಮಾತು ಎಲ್ಲರಿಗೂ ಕೇಳುತ್ತಿತ್ತು, ಯಾರ ಮಾತೂ ಅವರಿಗೆ ಕೇಳುತ್ತಿರಲಿಲ್ಲ. ಅದೂ ದೀಪ ಉರಿಯುವ ರಾತ್ರಿಯಲ್ಲಿ ಮಾತ್ರ. ಇನ್ನು ಆ ತಿರುಗಣೆ: ಗದ್ದಲವನ್ನು ಅಡಗಿಸಿದಾಗ ದೂರದ ದನಿಯೂ ಅದರೊಡನೆ ಅಡಗಿತ್ತು.

ಅಂದು ರಾತ್ರಿ ಕಟ್ಟೆಯ ಮೇಲೆ ಅಣ್ಣ ತನ್ನ ಕಸುಬಿನ ವಿಷಯ ಹೇಳಿದ. ತನ್ನ ಹಡಗಿನ ಸಂಗತಿಯನ್ನು ಬಾಯಿಬಿಡಲಿಲ್ಲ. ಅದು ಅವರ ನಿಯಮ. ಎಲ್ಲ ಯುದ್ಧನೌಕೆಗಳಿಗೂ ಇರುವ ಕಷ್ಟವನ್ನು ಹೇಳಿದ. ಊರಿನಲ್ಲಾದರೆ ರೇಡಿಯೋ ಕೇಂದ್ರ ಒಂದು ಕಡೆ, ವಿಮಾನ ನಿಲ್ದಾಣದ ರೇಡಾರ್ ಇನ್ನೊಂದು ಕಡೆ. ಹಡಗಿನಲ್ಲಿ ಕೂಗುವವೂ ಕೇಳುವವೂ ನೂರು ಚಿಲ್ಲರೆ ಮೀಟರಿನ ಒಂದೇ ಉಕ್ಕಿನ ಮನೆಯಲ್ಲಿ ಒಕ್ಕಲಾಗಿರಬೇಕು. ಅವಿಭಕ್ತ ಕುಟುಂಬವೆಂದರೆ ಅದು! ಅವು ಒಂದರ ಕಿವಿಯನ್ನು ಇನ್ನೊಂದು ಕಿವುಡಾಗಿಸದಂತೆ ಬಾಳಿಸುವುದೇ ದೊಡ್ಡದೊಂದು ಶಾಸ್ತ್ರ. ಅಮೆರಿಕದ ಸೇನೆಯವರು ಇದಕ್ಕಾಗಿ 1967ರಲ್ಲಿ ಮಿಲ್-ಸ್ಟ್ಯಾಂಡರ್ಡ್ 461 ಎಂಬ ನಿಯಮಾವಳಿಯನ್ನೇ ಮಾಡಿದರು: ಯಾವ ಉಪಕರಣ ಎಷ್ಟು ಗದ್ದಲ ಮಾಡಬಹುದು, ಎಷ್ಟು ಗದ್ದಲವನ್ನು ತಾಳಿಕೊಳ್ಳಬೇಕು ಎಂಬ ಎರಡನ್ನೂ ಅದರಲ್ಲಿ ಅಳತೆಮಾಡಿ ಬರೆದಿದ್ದಾರೆ.

ನನಗೆ ಬಹಳ ಸೋಜಿಗವೆನಿಸಿದ್ದು ತುಕ್ಕಿನ ಮಾತು. ತುಕ್ಕು ಹಿಡಿದ ಬೋಲ್ಟು, ಸಡಿಲವಾದ ಸರಪಳಿ, ಏಣಿಯ ಮೆಟ್ಟಿಲು, ಇವು ತಾವಾಗಿ ಏನೂ ಮಾಡವು. ಆದರೆ ತುಕ್ಕಿನ ಪದರ ವಿದ್ಯುತ್ತನ್ನು ಎರಡೂ ದಿಕ್ಕಿಗೆ ಸಮನಾಗಿ ಬಿಡುವುದಿಲ್ಲ. ಹಡಗಿನ ಎರಡು ಏರಿಯಲ್ಲುಗಳು ಒಟ್ಟಿಗೆ, ಒಂದು 4 ಮೆಗಾಹರ್ಟ್ಸಿನಲ್ಲಿ, ಇನ್ನೊಂದು 6ರಲ್ಲಿ ಕೂಗುತ್ತಿವೆಯೆನ್ನಿ. ಆ ತುಕ್ಕಿನಲ್ಲಿ ಅವೆರಡೂ ಬೆರೆತು 2ರಲ್ಲಿ, 8ರಲ್ಲಿ, 10ರಲ್ಲಿ ಯಾರೂ ಕೂಗದ ಕೂಗುಗಳು ಹುಟ್ಟುತ್ತವೆ. 8ರಲ್ಲಿ ಕಿವಿಗೊಟ್ಟು ಕುಳಿತವನಿಗೆ ಕೇಳುವುದು ತನ್ನ ಹಡಗಿನದೇ ತುಕ್ಕು! ಇದಕ್ಕೆ ಮದ್ದು, ಜೋಡಣೆಯ ಎರಡು ಕಡೆಗೂ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆದು, ನಡುವೆ ತಾಮ್ರದ ಪಟ್ಟಿಯನ್ನು ಬಿಗಿದು, ನೀರು ಸೇರದಂತೆ ಮುಚ್ಚುವುದು. ಉಪ್ಪುಗಾಳಿ ಬಿಡುವುದಿಲ್ಲ, ಮತ್ತೆ ಕೆರೆಯಬೇಕು. ನಾವು ನಕ್ಕಿದ್ದು ಈ ಕೆಲಸಕ್ಕೆ.

ಆಗ ನನಗೆ ನನ್ನ ಸೆಮಿನಾರು ನೆನಪಾಯಿತು. ಫಾಕ್‌ಲೆಂಡ್ಸ್ ಯುದ್ಧದ ಮೇಲೆ ಬರೆದಿದ್ದೆ. 1982ರ ಮೇ 4ರಂದು ಅರ್ಜೆಂಟೀನದ ಎರಡು ಸೂಪರ್ ಎತಾಂದಾರ್ ವಿಮಾನಗಳು ಬಿಟ್ಟ ಎಕ್ಸೊಸೆಟ್ ಕ್ಷಿಪಣಿಗಳಲ್ಲಿ ಒಂದು ಬ್ರಿಟಿಷರ ಶೆಫೀಲ್ಡ್ ಎಂಬ ಡೆಸ್ಟ್ರಾಯರಿಗೆ ಬಡಿಯಿತು. 20 ಮಂದಿ ಸತ್ತರು. ಹಗ್ಗ ಕಟ್ಟಿ ಎಳೆದೊಯ್ಯುತ್ತಿರುವಾಗ ಮೇ 10ರಂದು ಹಡಗು ಮುಳುಗಿತು. ಶತ್ರುವಿನ ರೇಡಾರಿನ ಸುಳಿವು ಹಿಡಿಯುವ ಕಿವಿ ಆ ಹಡಗಿಗೂ ಇತ್ತು. ಆದರೆ ಆ ಹೊತ್ತಿನಲ್ಲಿ ಹಡಗು ಉಪಗ್ರಹದ ಮೂಲಕ ಮಾತಾಡುತ್ತಿತ್ತು. ಆ ಮಾತಿನ ಅಬ್ಬರದಲ್ಲಿ ಕಿವಿ ಕೆಲಸಮಾಡಲಿಲ್ಲ. ಜೊತೆಯಲ್ಲಿದ್ದ ಗ್ಲಾಸ್ಗೋ ಹಡಗಿಗೆ ಸುಳಿವು ಸಿಕ್ಕಿತ್ತು, ಅದು ಕೂಗಿ ಹೇಳಿತ್ತು ಕೂಡ. ತಪ್ಪೆಲ್ಲ ಯಂತ್ರದ್ದೆಂದೂ ಅನ್ನಲಾಗದು. ಹೊಣೆಯ ಅಧಿಕಾರಿಯೊಬ್ಬರು ಆಗ ಕಾರ್ಯಾಚರಣೆಯ ಕೋಣೆಯಲ್ಲಿಲ್ಲದೆ ಕಾಫಿಗೆ ಹೋಗಿದ್ದರೆಂದು ವಿಚಾರಣೆಯ ವರದಿಯಲ್ಲಿದೆ. ಇವೆಲ್ಲವನ್ನೂ ನಾನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಹದಿನೆಂಟು ಅಂಕ ಗಳಿಸಿದ್ದೆ. ಉಪಗ್ರಹದ ಆ ವಾಕ್ಯ ನನ್ನ ಬಾಯಿಂದಲೇ ಹೊರಬಂದಿತ್ತು. ನನ್ನದೇ ದೀಪ ಆಗಲೂ ಕಂಬದ ಮೇಲಿತ್ತು.

ಮರುದಿನ ಬೆಳಿಗ್ಗೆ, ಸಂಜೆಯಲ್ಲಿ ಕೇಳಿದ ಆ ಸದ್ದಿನ ವಿಷಯವನ್ನು ಚಿಕ್ಕಪ್ಪನವರ ಮುಂದೆ ಒಪ್ಪಿಕೊಂಡೆ. ಅವರು ಬಲೆಯ ಗಂಟು ಬಿಡಿಸುತ್ತಿದ್ದರು. ತಲೆಯೆತ್ತಲಿಲ್ಲ. "ನಂಗೂ ಕೇಳಿತ್ತಲ್ಲೋ ತಮ್ಮಾ" ಎಂದರು. ಆಮೇಲೆ ಬುಟ್ಟಿಗೆ ಬಂಗುಡೆ ತುಂಬಿಕೊಂಡು, ನನ್ನನ್ನೂ ಕರೆದುಕೊಂಡು, ನೆರೆಯ ತಾಂಡೇಲರ ಮನೆಗೆ ಹೋದರು. ಒಳಗೆ ಏನು ಮಾತಾಯಿತೋ, ನಾನು ಅಂಗಳದಲ್ಲೇ ನಿಂತಿದ್ದೆ. ಚಹಾ ಮಾತ್ರ ಮೂರು ಲೋಟ ಬಂತು. ಕೈ ಮುರಿದುಕೊಂಡಿದ್ದ ಹುಡುಗನ ಮನೆಗೆ ನಾನೊಬ್ಬನೇ ಹೋದೆ. ಆತನ ಕೈ ಕೂಡಿಕೊಂಡಿದೆ, ಆದರೆ ಭಾರದ ಹಗ್ಗ ಎಳೆಯಲಾರ. ಈಗ ಐಸ್ ಕಾರ್ಖಾನೆಗೆ ಹೋಗುತ್ತಾನೆ.

ಕಂಬದ ಮೇಲೆ ಹಳೆಯ ಬಲ್ಬು ಮರಳಿ ಬಂದಿದೆ. ಬೋಟು ಹೊರಡುವ ಪ್ರತಿ ಸಂಜೆ, ನಾನು ಊರಿನಲ್ಲಿದ್ದರೆ, ಚಿಕ್ಕಪ್ಪ ನನ್ನನ್ನು ವಾಯರ್ಲೆಸ್ಸಿನ ಮುಂದೆ ಕೂರಿಸಿ ಹೊರಗೆ ನಿಂತು ಒಂದೊಂದೇ ದೀಪವನ್ನು ಹೊತ್ತಿಸುತ್ತಾರೆ, ಆರಿಸುತ್ತಾರೆ. "ಏನಾದ್ರೂ ಕೇಳ್ತದೇನೋ?" ಎಂದು ಕೂಗುತ್ತಾರೆ. ನಾನು ಪೆಟ್ಟಿಗೆಗೆ ಕಿವಿ ಹಚ್ಚಿ, ಇನ್ನೊಂದು ಸಲ ಹೊತ್ತಿಸಿ ಎನ್ನುತ್ತೇನೆ.