ಸಾಗರತೀರದ ಮೌನ ಯೋಗಶಾಲೆ

ಸಾನ್‌ಫ್ರಾನ್ಸಿಸ್ಕೋ ನಗರಕ್ಕೆ ಬಂದವರು ಗೋಲ್ಡನ್ ಗೇಟ್ ಸೇತುವೆಯನ್ನು ನೋಡದೆ ಹಿಂದಿರುಗುವುದಿಲ್ಲ. ಆದರೆ ಅದನ್ನು ಕಡಲಿನ ಕಡೆಯಿಂದ ನೋಡಬೇಕಾದರೆ ಸೇತುವೆಯ ನೈಋತ್ಯಕ್ಕಿರುವ ಬೇಕರ್ ಬೀಚ್ ಎಂಬ ಮರಳುದಂಡೆಗೆ ಇಳಿಯಬೇಕು. ಸುಮಾರು ಒಂದು ಮೈಲಿ ಉದ್ದದ ದಂಡೆ. ಹಿಂದೆ ಮರಗಳ ದಿಬ್ಬ, ಮುಂದೆ ಪೆಸಿಫಿಕ್ ಮಹಾಸಾಗರ. ಈ ನೆಲವೆಲ್ಲ ಪ್ರೆಸಿಡಿಯೋ ಎಂಬ ಸೇನಾಠಾಣ್ಯಕ್ಕೆ ಸೇರಿದ್ದುದು. 1776ರಲ್ಲಿ ಸ್ಪೇನಿನವರು ಹೂಡಿದ ಈ ಠಾಣ್ಯವು ಮೆಕ್ಸಿಕೋದ ವಶವಾಗಿ, ಆಮೇಲೆ ಅಮೆರಿಕದ ಸೈನ್ಯದ ಕೈಸೇರಿ, 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1904ರಲ್ಲಿ ಕಟ್ಟಿದ ಫಿರಂಗಿಯ ನೆಲೆಯೊಂದು ದಂಡೆಯ ಬೆನ್ನಿಗೇ ಇನ್ನೂ ನಿಂತಿದೆ. ಅಲ್ಲಿ ಪ್ರದರ್ಶನಕ್ಕಿಟ್ಟಿರುವುದು, ಗುಂಡು ಹಾರಿಸಿದೊಡನೆ ತಾನೇ ಗೋಡೆಯ ಮರೆಗೆ ತಗ್ಗುವಂಥ ವಿಚಿತ್ರ ಫಿರಂಗಿ. ಅದರ ಎದುರಿನ ಮರಳಿನ ಮೇಲೆ ಈಗ ಶವಾಸನ ನಡೆಯುತ್ತದೆ!

ಜುಲೈ ತಿಂಗಳ ಒಂದು ಶನಿವಾರ ನಮ್ಮ ಸೊಸೆ ನನ್ನನ್ನು ಅಲ್ಲಿಗೆ ಕರೆದೊಯ್ದಳು. “ಶಾಲು ಮರೀಬೇಡಿ ಅತ್ತೆ, ಇಲ್ಲಿಯ ಬೇಸಿಗೆ ನಮ್ಮ ಮೈಸೂರಿನ ಮಾಗಿಗಿಂತ ಚಳಿ” ಎಂದು ಎಚ್ಚರಿಸಿದ್ದಳು. ನಿಜವೇ. ಒಳನಾಡಿನ ಬಯಲು ಕಾದಷ್ಟೂ ಅದು ಕಡಲ ಮೇಲಿನ ತಂಗಾಳಿಯನ್ನು ಸೆಳೆದುಕೊಳ್ಳುತ್ತದೆ. ಆ ಕಡಲೋ ಬಹು ಶೀತಲ. ಆದುದರಿಂದ ಬೇಸಿಗೆಯಲ್ಲಿಯೇ ಮಂಜು ದಟ್ಟವಾಗಿ ಕವಿಯುತ್ತದೆ. ಅಂದು 1937ರ ಆ ಕೆಂಗಿತ್ತಳೆ ಬಣ್ಣದ ಸೇತುವೆಯ ಗೋಪುರಗಳ ನೆತ್ತಿ ಕಾಣುತ್ತಿರಲಿಲ್ಲ. ಮಂಜಿನೊಳಗೆ ಹಡಗುಗಳಿಗೆ ದಾರಿ ತೋರುವ ಕಹಳೆಗಳು ಮಾತ್ರ ಸೇತುವೆಯಿಂದ ಗಂಭೀರವಾಗಿ ಮೊಳಗುತ್ತಿದ್ದವು.

ಇಂತಹ ಸ್ಥಳದಲ್ಲಿ ನಲವತ್ತು ಮಂದಿಗೆ ಯೋಗ ಹೇಳಿಕೊಡುವುದೆಂತು? ಅಲೆಯ ಅಬ್ಬರ ಒಂದು ಕಡೆ, ಗಾಳಿ ಇನ್ನೊಂದು ಕಡೆ; ಉಪಾಧ್ಯಾಯಿನಿಯ ಮಾತು ಮೂರನೆಯ ಸಾಲನ್ನೂ ಮುಟ್ಟಲಾರದು. ಧ್ವನಿವರ್ಧಕ ಇಟ್ಟರೆ ವಿಹಾರಕ್ಕೆ ಬಂದವರಿಗೆಲ್ಲ ಉಪದ್ರವ. ಅದಕ್ಕಾಗಿ ಬಂದವರಿಗೆಲ್ಲ ಒಂದೊಂದು ತಂತಿಯಿಲ್ಲದ ಹೆಡ್‌ಫೋನ್ ಹಂಚುತ್ತಾರೆ. ಉಪಾಧ್ಯಾಯಿನಿಯ ಕೆನ್ನೆಯ ಬಳಿ ಪುಟ್ಟ ಮೈಕು. ಪಕ್ಕದಲ್ಲಿ ಊಟದ ಡಬ್ಬಿಯಷ್ಟಿರುವ ಪ್ರೇಷಕಯಂತ್ರ. ಅದು ಮಾತನ್ನೂ ಸಂಗೀತವನ್ನೂ ರೇಡಿಯೋ ಅಲೆಗಳ ಮೂಲಕ ಕೆಲವು ನೂರು ಅಡಿಗಳಷ್ಟು ದೂರ ಬಿತ್ತರಿಸುತ್ತದೆ. ನಮ್ಮ ಆಕಾಶವಾಣಿಯಂತೆಯೇ ಒಂದು ನಿಲಯವಿದ್ದರೆ ಕೇಳುವವರು ಹತ್ತಾದರೂ ಸರಿ, ಇನ್ನೂರಾದರೂ ಸರಿ. ಹೆಡ್‌ಫೋನಿನ ಹೊರಮೈಯಲ್ಲಿ ನೀಲಿ ದೀಪ ಹೊತ್ತಿದರೆ ನಿಲಯ ಸಿಕ್ಕಿತೆಂದು ಅರ್ಥ.

ಕಿವಿ ಮುಚ್ಚಿದೊಡನೆ ಸಮುದ್ರ ದೂರ ಸರಿಯಿತು. ಉಪಾಧ್ಯಾಯಿನಿ ಮೂವತ್ತು ಅಡಿ ಆಚೆ ನಿಂತಿದ್ದರೂ ಅವಳ ಉಸಿರಾಟ ನನ್ನ ತಲೆಯೊಳಗೇ ಕೇಳುತ್ತಿತ್ತು. ಮೊದಲ ಸೂರ್ಯನಮಸ್ಕಾರಕ್ಕೆ ಇದು ಸೊಗಸೆನಿಸಿತು. ಅಧೋಮುಖ ಶ್ವಾನಾಸನದಲ್ಲಿ ಮಾತ್ರ ತಲೆ ಕೆಳಗಾದಂತೆ ಯಂತ್ರವೂ ಜಾರಹತ್ತಿತು. ಬಲ್ಲವರು ತಲೆಗೆ ಬಟ್ಟೆಪಟ್ಟಿ ಬಿಗಿದುಕೊಂಡು ಬಂದಿದ್ದರು. ಬರಲಿರುವವರಿಗೆ ಇದು ಉಪಯುಕ್ತ ಸೂಚನೆ.

ನಡುವೆ ಒಮ್ಮೆ ಬೇಕೆಂದೇ ಅದನ್ನು ತೆಗೆದು ನೋಡಿದೆ. ಎಂತಹ ದೃಶ್ಯ! ನಲವತ್ತು ಜನ, ಒಂದು ಸೊಲ್ಲೂ ಇಲ್ಲದೆ, ಕಾಣದ ಸೂತ್ರಧಾರನ ಕೈಗೊಂಬೆಗಳಂತೆ ಒಟ್ಟಿಗೆ ತೋಳೆತ್ತುತ್ತಿದ್ದಾರೆ. ನಾಯಿಯೊಡನೆ ಬಂದ ಮಗುವೊಂದು ಬಾಯಿಬಿಟ್ಟು ನೋಡುತ್ತಿತ್ತು. ಕಹಳೆ ಮತ್ತೆ ಮೊಳಗಿತು. ಅದನ್ನು ಕೇಳಿದವರು ನಾನೂ ಆ ಮಗುವೂ ಮಾತ್ರ ಇರಬೇಕು.

ಇಷ್ಟು ದೂರ ಬಂದು, ಕಡಲಂಚಿನಲ್ಲಿ ನಿಂತು, ಕಡಲಿನ ದನಿಯನ್ನೇ ಕಿವಿಯಿಂದ ಹೊರಹಾಕುವುದೇತಕ್ಕೆ? ಇದು ಪ್ರತ್ಯಾಹಾರವೆಂದು ಯಾರೋ ಹೇಳಿದರು. ನಾನೊಪ್ಪೆ. ಪತಂಜಲಿ ಹೇಳುವ ಪ್ರತ್ಯಾಹಾರದಲ್ಲಿ ಇಂದ್ರಿಯಗಳು ವಿಷಯಗಳಿಂದ ತಾವೇ ಹಿಂದೆ ಸರಿಯುತ್ತವೆ. ಇಲ್ಲಿ ಒಂದು ಸದ್ದನ್ನು ಅಟ್ಟಿ ಇನ್ನೊಂದನ್ನು ತುಂಬಿದಂತಾಗಿದೆ. ಅಲ್ಲದೆ ಪಕ್ಕದವರ ಉಸಿರು ಕೇಳದು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ತೆರೆದ ಊರು ನಮ್ಮದು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರು ನಮ್ಮ ಲಕ್ಷ್ಮೀಪುರದಲ್ಲಿ ಬಹುಕಾಲ ಪಾಠ ಹೇಳಿದರು. 1975ರಲ್ಲಿ ಇದೇ ಕ್ಯಾಲಿಫೋರ್ನಿಯಾಕ್ಕೂ ಬಂದು ಕಲಿಸಿದರು. ಜಗತ್ತೆಲ್ಲ ‘ಮೈಸೂರು ಪದ್ಧತಿ’ ಎನ್ನುವ ಅವರ ಕ್ರಮದಲ್ಲಿ ಸಂಗೀತವಿಲ್ಲ, ಎಡೆಬಿಡದ ಅಪ್ಪಣೆಯಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿನ ಲೆಕ್ಕದಲ್ಲಿ ಆಸನ ಹಾಕುತ್ತಾರೆ. ಕೋಣೆಯಲ್ಲಿ ಕೇಳುವುದು ಆ ಉಸಿರುಗಳ ಸದ್ದೇ. ದಣಿದವನಿಗೆ ನೆರೆಯವನ ಉಸಿರೇ ಆಸರೆ.

ಹೀಗೆಲ್ಲ ಯೋಚಿಸುತ್ತ, ತರಗತಿ ಮುಗಿದ ಮೇಲೆ ಮರಳು ಕೊಡವುತ್ತಿದ್ದಾಗ, ಕೊನೆಯ ಸಾಲಿನಲ್ಲಿದ್ದ ವೃದ್ಧೆಯೊಬ್ಬರು ಮಾತಿಗೆ ಸಿಕ್ಕಿದರು. ಎಪ್ಪತ್ತು ದಾಟಿದವರು, ಕಿವಿ ಮಂದ. ಒಳಾಂಗಣದ ತರಗತಿಗಳಲ್ಲಿ ಇಪ್ಪತ್ತು ವರ್ಷ ಮೊದಲ ಸಾಲಿನಲ್ಲೇ ಕುಳಿತು, ಉಪಾಧ್ಯಾಯರ ತುಟಿ ನೋಡಿ, ತಲೆ ಬಾಗಿಸುವ ಆಸನ ಬಂದಾಗಲೆಲ್ಲ ಕಳ್ಳಗಣ್ಣಿನಿಂದ ಪಕ್ಕದವರನ್ನು ನೋಡಿ ಮಾಡುತ್ತಿದ್ದರಂತೆ. “ಇಲ್ಲಿ ಸದ್ದನ್ನು ನನಗೆ ಬೇಕಾದಷ್ಟು ಏರಿಸಿಕೊಳ್ಳುತ್ತೇನೆ. ಕಣ್ಣು ಮುಚ್ಚಿಕೊಂಡು ಯೋಗ ಮಾಡಿದ್ದು ಇಲ್ಲಿಯೇ ಮೊದಲು” ಎಂದರು. ಯಂತ್ರದ ಮೇಲಿನ ನನ್ನ ಮುನಿಸು ಅರ್ಧಕ್ಕಿಳಿಯಿತು. ಉಳಿದರ್ಧ ಇನ್ನೂ ಇದೆ.

ನಿಮ್ಮ ಊರಿನಲ್ಲಿ ಹೇಗೆ ಕಲಿಸುತ್ತಾರೆಂದು ಅವರು ಕೇಳಿದರು. ಗುರುಗಳು ಹೆಚ್ಚು ಮಾತನಾಡುವುದಿಲ್ಲ, ಬಳಿಗೆ ಬಂದು ಕೈಯಿಂದ ಮುಟ್ಟಿ ತಿದ್ದುತ್ತಾರೆ ಎಂದೆ. ಅವರಿಗೆ ಕೇಳುವಂತೆ ಎರಡು ಸಲ ಹೇಳಬೇಕಾಯಿತು. “ಹಾಗಾದರೆ ಅಲ್ಲಿಗೆ ಇದೂ ಬೇಡವಲ್ಲ!” ಎಂದು ಹೆಡ್‌ಫೋನನ್ನು ಪೆಟ್ಟಿಗೆಗೆ ಹಾಕಿ, ಚೀಲದಿಂದ ಪುಟ್ಟ ಪುಸ್ತಕ ತೆಗೆದು, ಮೈಸೂರು ಎಂಬುದನ್ನು ಹೇಗೆ ಬರೆಯಬೇಕೆಂದು ನಮ್ಮ ಸೊಸೆಯನ್ನು ಕೇಳತೊಡಗಿದರು.