ಪಟ್ಟಾ ಒಂದ, ಕೋಡ್ ಎರಡು

"ರಾತ್ರಿ ಎರಡಕ್ಕೂ ನಿಮ್ಮನಿ ಲೈಟ್ ಹತ್ತಿರ್ತದಲ್ಲ, ಏನ್ ಮಾಡ್ತಿರ್ತೀಯವಾ?" ಅಂತ ಓಣ್ಯಾಗ ಕೇಳದವರು ಉಳದಿಲ್ಲ. ಮೌಶಿ ಅಂತೂ ನಾ ಯಾವುದೋ ದವಾಖಾನಿ ಫೋನ್ ಎತ್ತತೀನಿ ಅಂತ ತಿಳಕೊಂಡಾರ. ಹಂಗಲ್ಲ ಮೌಶಿ. ಅಮೇರಿಕಾದ ಎಲುಬಿನ ಡಾಕ್ಟರ್‌ಗಳ ಬಿಲ್ಲಿಗೆ ಕೋಡ್ ಹಾಕೂದು ನನ್ನ ಕೆಲಸ. ಅದರಾಗೂ ನನ್ನ ಪಾಲಿಗೆ ಬರೂದು ಬ್ರೇಸ್, ಅಂದ್ರ ಮೊಣಕಾಲಿಗೆ, ಸೊಂಟಕ್ಕ, ಮಣಿಕಟ್ಟಿಗೆ ಕಟ್ಟೂ ಪಟ್ಟಾ.

ನಮ್ಮ ಕಡೆ ಅದೇನ್ ದೊಡ್ಡ ಮಾತು? ಮೆಡಿಕಲ್ ಅಂಗಡಿಗೆ ಹೋಗಿ "ನೀ ಕ್ಯಾಪ್ ಕೊಡ್ರಿ, ದೊಡ್ಡ ಸೈಜು" ಅಂದ್ರ ಆತು. ಎರಡ ದಿನ ಹಾಕ್ಕೊಂಡು ಮೂರನೇ ದಿನ ಬಾಗಲ ಹಿಂದಿನ ಮೊಳಿಗೆ ಜೋತು ಬಿಡೂದು. (ನಮ್ಮತ್ತಿಯವರದು ಈಗೂ ಅಲ್ಲೇ ಅದ, ಛತ್ರಿ ಜೋಡಿ.)

ಅಲ್ಲೆ 65 ದಾಟಿದವರಿಗೆ ಮೆಡಿಕೇರ್ ಅಂತ ಸರಕಾರದ ವಿಮಾ ಅದ. ಡಾಕ್ಟರ್ ಕ್ಲಿನಿಕ್ಕಿನ್ಯಾಗ ಬ್ರೇಸ್ ಕೊಟ್ಟು ಬಿಲ್ ಕಳಸಿದ್ರ, ವರ್ಷಕ್ಕ ಮೊದಲ ಕೈಯಿಂದ ಕಟ್ಟಬೇಕಾದ ರೊಕ್ಕ ಮುಗದ ಮ್ಯಾಲೆ, ಮಂಜೂರಾದ ದರದಾಗ 80 ಪರ್ಸೆಂಟ್ ಮೆಡಿಕೇರ್ ಕೊಡ್ತದ. ಉಳದ 20 ಪೇಶಂಟಿನ ಪಾಲು. ಆ ದರ ನಿಂತದ್ದು ನಾ ಹಾಕೂ ಕೋಡಿನ ಮ್ಯಾಲೆ.

ಕೋಡ್ ತಿಳೀಬೇಕಂದ್ರ ಜಂಪರ್ ನೆನಸ್ಕೋರಿ. ರೆಡಿಮೇಡ್ ತಂದು ಹುಕ್ಕು ಹಾಕ್ಕೊಂಡ್ರಿ, ಅದೊಂದು. ರೆಡಿಮೇಡ್ ತಂದು ಟೇಲರ್ ಕಡೆ ಒಯ್ದು, ತೋಳು ಬಿಚ್ಚಿಸಿ, ಟಕ್ಸ್ ಹಿಡಿಸಿ ಮೈಗೆ ಕೂಡಸ್ಕೊಂಡ್ರಿ, ಅದು ಎರಡನೇದು. ಅಳತಿ ಕೊಟ್ಟು ಹೊಸಾ ಅರಬಿ ಹೊಲಿಸಿದ್ರಿ, ಅದು ಮೂರನೇದು. ಬ್ರೇಸೂ ಹಂಗ. 2014ರಿಂದ ಮೊದಲನೇದಕ್ಕೂ ಎರಡನೇದಕ್ಕೂ ಬ್ಯಾರೆ ಬ್ಯಾರೆ ಕೋಡ್ ಮಾಡ್ಯಾರ. ಕೀಲು ಇರೂ ಮೊಣಕಾಲ ಬ್ರೇಸ್ ಡಬ್ಬಿಯಿಂದ ತಗದು ಹಂಗ ಕಟ್ಟಿದ್ರ ಎಲ್ 1833. ಅದನ್ನ, ಬಲ್ಲವರು ಕತ್ತರಿಸಿ, ಬಗ್ಗಿಸಿ ಆ ಕಾಲಿಗೇ ಹೊಂದಿಸಿದ್ರ ಎಲ್ 1832. ಬರೇ ಪಟ್ಟಿ ಬಿಗಿ ಮಾಡಿದ್ದು ಹೊಂದಿಸಿದ ಲೆಕ್ಕಕ್ಕ ಬರೂದಿಲ್ಲ. ಹುಕ್ಕು ಹಾಕ್ಕೊಂಡದ್ದಕ್ಕ ಟೇಲರ್‌ಗೆ ಕೂಲಿ ಯಾರ್ ಕೊಡ್ತಾರ?

2021ದಾಗ ರೆಡಿಮೇಡ್ ಸೊಂಟದ, ಮೊಣಕಾಲಿನ ಬ್ರೇಸಿಗೆ ಎಷ್ಟೋ ಊರಾಗ ಟೆಂಡರ್ ಕರದು ದರ ಇಳಿಸಿದ್ರು. ಎರಡನೇ ಕೋಡಿನ ಮ್ಯಾಲೆ ಕಣ್ಣು ಹೋಗೂದು ಸಹಜ.

ಹೋದ ತಿಂಗಳ ಒಂದು ಕ್ಲಿನಿಕ್ಕಿನ ಫೈಲ್ ಬಂತು. 1832ಕ್ಕ ಟಿಕ್ ಹಾಕಿದ್ರು. ನೋಟಿನ್ಯಾಗ ಮಾತ್ರ ಒಂದ ಸಾಲು: ಬ್ರೇಸ್ ಹಾಕಿ ಪಟ್ಟಿ ಬಿಗಿ ಮಾಡಿದೆವು, ಆರಾಮ ಅನಿಸ್ತು ಅಂದ್ರು. ಯಾರು ಕತ್ತರಿಸಿದ್ರು, ಎಲ್ಲೆ ಬಗ್ಗಿಸಿದ್ರು, ಏನೂ ಇಲ್ಲ. ನಾ ಪ್ರಶ್ನಿ ಬರದು ತಿರಗಿ ಕಳಸಿದೆ. "ಡಾಕ್ಟರ್ ಟಿಕ್ ಮಾಡ್ಯಾರ, ನಿನಗ್ಯಾಕ? ಇವತ್ತಿನ ಲೆಕ್ಕ ಮುಗಸು" ಅಂದ್ರು ನಮ್ಮ ಮ್ಯಾಲಿನವರು. ಬಿಡಲಿಲ್ಲ. ಮೂರ ದಿನಕ್ಕ ಉತ್ತರ ಬಂತು: ಏನೂ ಕತ್ತರಿಸಿಲ್ಲ, 1833 ಮಾಡ್ರಿ. ಹಿಂಥಾವು ನಾಕೈದು ತಿರಗಿಸಿದ್ದಕ್ಕ ನನ್ನ ಎಣಿಕಿ ಕಡಿಮಿ ಬಿದ್ದು ಆ ತಿಂಗಳ ಇನ್ಸೆಂಟಿವ್ ಹೋತು. ಮಗಳ ಸ್ಕೂಲ್ ವ್ಯಾನಿಗೆ ತಗದಿಟ್ಟ ರೊಕ್ಕ ಅದು. ಯಜಮಾನ್ರು ಎರಡ ದಿನ ಮಾರಿ ಗಂಟ ಹಾಕ್ಕೊಂಡಿದ್ರು. ನನಗೇನೂ ಅನಿಸಲಿಲ್ಲ ಅಂದ್ರ ಸುಳ್ಳಾಗ್ತದ.

ಇನ್ನೊಂದು ಮಾತು ಕೇಳಿದ್ರ ನಿಮಗ ಸಿಟ್ಟ ಬರ್ತದ. ಈ ಬ್ರೇಸಿಗೆ ಬರೇ "ನೋವು" ಅಂತ ಬರದ್ರ ಮೆಡಿಕೇರ್ ರೊಕ್ಕ ಕೊಡೂದಿಲ್ಲ. ಇತ್ತೀಚಿಗೆ ಪೆಟ್ಟು ಬಿದ್ದಿರಬೇಕು ಇಲ್ಲಾ ಆಪರೇಶನ್ ಆಗಿರಬೇಕು. ಅದಿಲ್ಲಂದ್ರ ಡಾಕ್ಟರ್ ಕಾಲು ಹಿಡದು ಪರೀಕ್ಷಾ ಮಾಡಿ ಕೀಲು ಸಡಿಲ ಆದದ್ದನ್ನ ಬರದಿರಬೇಕು. ಎಷ್ಟೋ ಫೈಲಿನ್ಯಾಗ ಅಜ್ಜಿ ಮೆಟ್ಟಲ ಹತ್ತೂಮುಂದ ಕಾಲು ಸೋತು ಕೂತದ್ದು ಇರ್ತದ, ಡಾಕ್ಟರ್ ಕಾಲು ಮುಟ್ಟಿ ನೋಡಿದ್ದು ಇರೂದಿಲ್ಲ. ನೋವು ಹೇಳ್ಕೊಂಡಾಕಿ ಮಾತಿಗೆ ಇಷ್ಟ ಬೆಲಿ ಏನು ಅಂತ ನನಗೂ ಅನಸ್ತದ.

ಆದ್ರ ಕಟ್ಟುನಿಟ್ಟು ಸುಮ್ನ ಬಂದಿಲ್ಲ. 2019ರ ಏಪ್ರಿಲ್‌ನ್ಯಾಗ ಅಲ್ಲಿನ ನ್ಯಾಯ ಇಲಾಖೆ ಬ್ರೇಸಿನ ಮೋಸದಾಗ 24 ಮಂದಿ ಮ್ಯಾಲೆ ಕೇಸ್ ಹಾಕ್ತು. ನಷ್ಟ 120 ಕೋಟಿ ಡಾಲರ್‌ಗೂ ಹೆಚ್ಚು ಅಂತ ಹೇಳಿದ್ರು. ವಯಸ್ಸಾದವರಿಗೆ "ಪುಕ್ಕಟ ಬ್ರೇಸ್" ಅಂತ ಕಾಲ್ ಸೆಂಟರಿನಿಂದ ಆಸಿ ಹಚ್ಚೂದು, ರೊಕ್ಕ ತಗೊಂಡ ಡಾಕ್ಟರ್ ಮಾರಿ ಸೈತ ನೋಡದ ಚೀಟಿ ಬರಿಯೂದು, ಬ್ಯಾಡಾದ ಪಟ್ಟಾ ಮನಿಗೆ, ಬಿಲ್ಲು ಮೆಡಿಕೇರ್‌ಗೆ. ಹಿಂಗಂತ ಆರೋಪ.

ನಿನ್ನೆ ರಾತ್ರಿ ಅದ ಕ್ಲಿನಿಕ್ಕಿನಿಂದ ಮತ್ತೊಂದು ಫೈಲ್ ಬಂದಿತ್ತು. ತೊಡಿ ಕಡೆ ಎಷ್ಟು ಕತ್ತರಿಸಿದ್ರು, ಯಾಕ ಕತ್ತರಿಸಿದ್ರು, ಮಾಡಿದವರು ಯಾರು, ಎಲ್ಲಾ ಬರದಿದ್ರು. 1832 ಹಾಕಿ, ಎಡಗಾಲಿಗೆ ಎಲ್‌ಟಿ ಹಚ್ಚಿ ಕಳಸಿದೆ.